ಸಿಮೆಂಟಿಲ್ಲದ ಕಲ್ಲುಹಾಸು: ಧರೆ ಬದಿಯ ಇಳಿಜಾರಿಗೆ ಕಾಬಲ್ ದಾರಿ

ಮಲೆನಾಡಿನ ಸಾಗರ ಸೀಮೆಯ ಎಷ್ಟೋ ಮನೆಗಳ ಹಾಗೆ ನಮ್ಮದೂ ರಸ್ತೆಗಿಂತ ತಗ್ಗಿನಲ್ಲಿದೆ. ದಣಪೆಯಿಂದ, ಅಂದರೆ ಬೇಲಿಯ ಬಾಗಿಲಿನಿಂದ, ಅಂಗಳಕ್ಕೆ ಇಳಿಯುವ ದಾರಿ 60 ಅಡಿ ಉದ್ದ, 9 ಅಡಿ ಅಗಲ. ಅಷ್ಟು ದೂರಕ್ಕೆ 5 ಅಡಿ ಇಳಿಯುತ್ತದೆ, ಅಂದರೆ 12 ಅಡಿಗೆ 1 ಅಡಿ. ಎಡಗಡೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಬಲಗಡೆ ಅಡಿಕೆ ತೋಟ. ಆರಿದ್ರಾ ಮಳೆ ಹಿಡಿಯಿತೆಂದರೆ ದಾರಿ ತುಂಬ ಕೆಮ್ಮಣ್ಣಿನ ರಾಡಿ. ಅಡಿಕೆ ದಬ್ಬೆ ಹಾಸಿಕೊಂಡು ನಡೆಯುವುದು, ಪಿಕಪ್ಪನ್ನು ಮೇಲೆಯೇ ನಿಲ್ಲಿಸಿ ಗೊಬ್ಬರದ ಚೀಲ ಹೊರುವುದು, ಬೈಕು ಇಳಿಸುವಾಗ ಎರಡೂ ಕಾಲು ನೆಲಕ್ಕೂರಿ ದೇವರ ಹೆಸರು ಹೇಳುವುದು.

ಕಾಂಕ್ರೀಟ್ ಹಾಕಿಸಿಬಿಡಿ ಅಂದವರೇ ಎಲ್ಲ. ನನಗೆ ಅದು ಬೇಡವಾಗಿತ್ತು. ನಮ್ಮ ಮಳೆಗಾಲಕ್ಕೆ ಕಾಂಕ್ರೀಟಿನ ಮೇಲೆ ಹಾವಸೆ ಕಟ್ಟುತ್ತದೆ, ಗೆರೆ ಎಳೆದು ಒರಟು ಮಾಡಿದ್ದೂ ಕ್ರಮೇಣ ಸವೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಡಿಯಲ್ಲಿ. ಪುಷ್ಯ, ಆಶ್ಲೇಷ ಮಳೆಗೆ ಧರೆಯಿಂದ ಜಲ ಒಡೆದರೆ ಆ ನೀರು ಚಪ್ಪಡಿಯ ಕೆಳಗಿನ ಮಣ್ಣನ್ನು ಸದ್ದಿಲ್ಲದೆ ತೊಳೆಯುತ್ತದೆ. ಮೇಲಿಂದ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಒಂದು ದಿನ ಲೋಡು ಗಾಡಿ ಹತ್ತಿದಾಗ ಬಿರುಕು. ಆಮೇಲೆ ರಿಪೇರಿ ಅಂದರೆ ಬ್ರೇಕರ್ ತಂದು ಕುಟ್ಟುವುದೇ.

ಜಂಬಿಟ್ಟಿಗೆ ನಮ್ಮದೇ ನೆಲದ ಕಲ್ಲು. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿಸಿಲಿಗೆ ಗಟ್ಟಿಯಾಗುತ್ತದೆ. ಗೋಡೆಗೆ, ಬಾವಿಕಟ್ಟೆಗೆ ಅದಕ್ಕಿಂತ ಬೇರೆ ಬೇಡ. ಆದರೆ ಟೈರು ಒಂದೇ ಜಾಡಿನಲ್ಲಿ ಉಜ್ಜುವ ಕಡೆ ಸವೆದು ಗುಂಡಿ ಬೀಳುತ್ತದೆ, ತೂತುಗಳಲ್ಲಿ ಪಾಚಿ ಕೂರುತ್ತದೆ. ಶಹಾಬಾದ್ ಕಲ್ಲು ಕಲಬುರಗಿ ಕಡೆಯ ಸುಣ್ಣದಕಲ್ಲು, ಒಣ ಸೀಮೆಯ ಪಡಸಾಲೆಗೆ ಚೆಂದ, ಒದ್ದೆ ಇಳಿಜಾರಿಗೆ ಅಪಾಯ. 80 ಎಂಎಂ ದಪ್ಪದ ಇಂಟರ್‌ಲಾಕ್ ಬ್ಲಾಕ್ ಆಗಬಹುದಿತ್ತು, ಕಡಿಮೆಗೂ ಮುಗಿಯುತ್ತಿತ್ತು. ಅಷ್ಟರಲ್ಲಿ ಬೆಂಗಳೂರಿನಲ್ಲಿರುವ ತಂಗಿ, 2018ರಲ್ಲಿ ಕಾಬಲ್, ಅಂದರೆ ಸಣ್ಣ ಸಣ್ಣ ಕಲ್ಲಿನ ತುಂಡು, ಹಾಸಿ ಹೊಸದು ಮಾಡಿದ ಚರ್ಚ್ ಸ್ಟ್ರೀಟಿನ ಫೋಟೊ ಕಳಿಸಿ, ಇದನ್ನೇ ಹಾಕಿಸು, ಕಲ್ಲಿನ ಊರಲ್ಲಿ ಸಿಮೆಂಟು ಬಿಲ್ಲೆ ಯಾಕೆ ಅಂದಳು. ಅವಳಿಗೆ ಚೆಂದ ಬೇಕಿತ್ತು. ನನಗೆ ಬೇಕಿದ್ದದ್ದು ಆ ಕಲ್ಲುಗಳ ನಡುವಿನ ಸಂದು. ಅಂಗೈ ಅಗಲಕ್ಕೆ ಒಂದು ಸಂದು ಇರುವುದರಿಂದ ಟೈರಿಗೂ ಕಾಲಿಗೂ ಹಿಡಿತ ಸಿಗುತ್ತದೆ. ಸಂದಿಗೆ ಸಿಮೆಂಟು ತುಂಬದೆ ಬಿಟ್ಟರೆ ನೀರಿಗೂ ಅದೇ ಬಾಗಿಲು.

ಕಲ್ಲು ಸಾದರಹಳ್ಳಿ ಹೆಸರಿನಲ್ಲಿ ಮಾರುವ ಬೂದು ಗ್ರಾನೈಟ್. 4 ಇಂಚಿನ ಕ್ಯೂಬು, ಕೈಯಲ್ಲಿ ಸೀಳಿದ್ದು. ಯಂತ್ರದಲ್ಲಿ ಕೊಯ್ದ ನಯದ ಕ್ಯೂಬೂ ಸಿಗುತ್ತದೆ, ನೋಡಲು ಅಚ್ಚುಕಟ್ಟು. ಆದರೆ ಕೊಯ್ದ ಮುಖ ಒದ್ದೆಯಲ್ಲಿ ಜಾರುತ್ತದೆ, ಬೆಂಕಿ ಹಾಯಿಸಿ ಒರಟು ಮಾಡಿಸಿದರೆ ಖರ್ಚು. ಸೀಳಿದ ಕಲ್ಲಿನ ಒರಟು ಹುಟ್ಟಿನಿಂದಲೇ ಬಂದದ್ದು. ಒಂದು ಕಲ್ಲು ಸುಮಾರು 2.7 ಕಿಲೋ. ಸಂದು ಸೇರಿಸಿ ಚದರ ಅಡಿಗೆ ಹೆಚ್ಚುಕಡಿಮೆ 8 ಕಲ್ಲು ಬೇಕು. ನಮ್ಮ 540 ಚದರ ಅಡಿಗೆ ನಾಲ್ಕು ಸಾವಿರ ದಾಟಿತು, ತೂಕ 11 ಟನ್ನಿಗೂ ಮೇಲೆ. ಕಲ್ಲಿನ ಬೆಲೆ ವಿಚಾರಿಸುವಾಗಲೇ ಲಾರಿ ಬಾಡಿಗೆಯನ್ನೂ ವಿಚಾರಿಸಬೇಕು. ಬಯಲುಸೀಮೆಯ ಕ್ವಾರಿಯಿಂದ ಘಟ್ಟದ ತಲೆಗೆ ಬರುವಷ್ಟರಲ್ಲಿ ಕಲ್ಲಿಗೆ ಕೊಟ್ಟದ್ದಕ್ಕೂ ಡೀಸೆಲ್ಲಿಗೆ ಕೊಟ್ಟದ್ದಕ್ಕೂ ದೊಡ್ಡ ವ್ಯತ್ಯಾಸ ಉಳಿಯುವುದಿಲ್ಲ.

ಕೊನೆಕೊಯ್ಲು ಮುಗಿದು, ಧರೆಯ ತೇವ ಆರಿದ ಮೇಲೆ ಕೆಲಸ ಶುರು. ಅದಕ್ಕೂ ಮೊದಲು, ಹಿಂದಿನ ಮಳೆಗಾಲದಲ್ಲೇ ಒಂದು ಕೆಲಸ ಆಗಿತ್ತು. ಜೋರು ಮಳೆಯಲ್ಲಿ ಛತ್ರಿ ಹಿಡಿದು ನಿಂತು, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ಕವಲೊಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಬಿದಿರಿನ ಗೂಟ ಹೊಡೆದಿದ್ದೆ. ಮೂರು ದಿಕ್ಕಿನ ನೀರು. ರಸ್ತೆಯಿಂದ ಇಳಿಯುವುದು, ಧರೆಯಿಂದ ಜಿನುಗುವುದು, ನೇರ ಮೇಲಿಂದ ಬೀಳುವುದು. ಮೂರಕ್ಕೂ ಬೇರೆ ಬೇರೆ ವ್ಯವಸ್ಥೆ ಬೇಕು. ರಸ್ತೆಯ ನೀರಿಗೆ ದಣಪೆಯ ಬುಡದಲ್ಲೇ ಅಡ್ಡ ಚರಂಡಿ, ಮೇಲೆ ಕಬ್ಬಿಣದ ಜಾಲರಿ. ಧರೆಯ ಬುಡಕ್ಕೆ ಉದ್ದಕ್ಕೂ ಬಸಿಗಾಲುವೆ, ಅದರ ತಳದಲ್ಲಿ ತೂತಿನ 4 ಇಂಚು ಪೈಪು. ನೇರ ಬೀಳುವ ನೀರಿಗೆ ದಾರಿಯನ್ನೇ ಧರೆಯ ಕಡೆಗೆ ಸ್ವಲ್ಪ ವಾಲಿಸುವುದು, 9 ಅಡಿ ಅಗಲಕ್ಕೆ ಎರಡೂಮುಕ್ಕಾಲು ಇಂಚು. ತೋಟದ ಕಡೆಗೆ ವಾಲಿಸಿದರೆ ಸುಲಭ ಅಂತ ಮೇಸ್ತ್ರಿ ಹೇಳಿದರು. ಹೌದು, ಆದರೆ ಆ ಅಂಚಿನ ಮಣ್ಣು ಎರಡನೇ ಮಳೆಗಾಲಕ್ಕೆ ಕೊರೆದು, ಅಂಚುಗಲ್ಲು ತೋಟದೊಳಗೆ ಮಲಗುತ್ತದೆ. ಕಾಲುವೆಯ ನೀರು ಕೆಳತುದಿಯಲ್ಲಿ ದಾರಿಯ ಅಡಿಯಿಂದ ಪೈಪಿನಲ್ಲಿ ಹಾದು ತೋಟದ ಕಾದಿಗೆಗೆ, ಅಂದರೆ ತೋಟದೊಳಗಿನ ನೀರು ಬಸಿಯುವ ಕಾಲುವೆಗೆ, ಸೇರುತ್ತದೆ. ಕಾದಿಗೆ ಮೊದಲೇ ಇದ್ದದ್ದರಿಂದ ಅರ್ಧ ಕೆಲಸ ಉಳಿಯಿತು.

ಅಗೆತ ಹದಿಮೂರೂವರೆ ಇಂಚು ಆಳ. ಕಲ್ಲಿಗೆ 4, ಹಾಸಿಗೆಗೆ ಒಂದೂವರೆ, ಅಡಿಯ ಜಲ್ಲಿಗೆ 8. ಆಳ ಎಲ್ಲ ಕಡೆ ಒಂದೇ ಇರಬೇಕು, ತಳದ ಮಣ್ಣಿಗೂ ಮೇಲಿನಷ್ಟೇ ವಾಲು ಇರಬೇಕು. ತಳ ಏರುಪೇರಾಗಿದ್ದು ಮೇಲೆ ಜಲ್ಲಿಯಲ್ಲಿ ಸರಿ ಮಾಡಿಕೊಂಡರೆ ತಳದ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ಮಟ್ಟಕ್ಕೆ ನೀರಿನ ಟ್ಯೂಬು ಮತ್ತು ದಾರ ಸಾಕು, ರಸಮಟ್ಟ ಗಿಡ್ಡವಾದ್ದರಿಂದ ಅಷ್ಟು ಉದ್ದಕ್ಕೆ ನಂಬಲಾಗದು. ತೆಗೆದ ಮಣ್ಣು ಒಂದು ಬುಟ್ಟಿಯೂ ಹೊರಗೆ ಹೋಗಲಿಲ್ಲ. ತೋಟಕ್ಕೆ ಹೊಸಮಣ್ಣು ಹೇಗೂ ಬೇಕಿತ್ತು.

ಅಗೆದ ತಳದ ಮೇಲೆ ತುಂಬಿದ ಟ್ರಾಕ್ಟರನ್ನು ನಿಧಾನ ಓಡಿಸಿ ನೋಡುವುದು ದಾರಿ ಕೆಲಸದಲ್ಲಿ ಹಳೆಯ ಪರೀಕ್ಷೆ. ಮಧ್ಯಭಾಗದಲ್ಲಿ ಒಂದು ಕಡೆ ಚಕ್ರ ಗೇಣುದ್ದ ಇಳಿಯಿತು. ಕೆದಕಿದರೆ ಕಪ್ಪು ಮೆತ್ತನೆಯ ಮಣ್ಣು, ಅಜ್ಜನ ಕಾಲದಲ್ಲಿ ಮುಚ್ಚಿದ ಗೊಬ್ಬರಗುಂಡಿ! ಮನೆಯಲ್ಲಿ ಯಾರಿಗೂ ಅದು ಅಲ್ಲಿತ್ತೆಂಬ ನೆನಪಿಲ್ಲ. ಕಪ್ಪು ಮಣ್ಣೆಲ್ಲ ತೆಗೆದು, ಗಟ್ಟಿ ಕೆಂಪು ಸಿಗುವವರೆಗೆ ಇಳಿದು, ಜಂಬಿಟ್ಟಿಗೆ ಚೂರು ಮತ್ತು ಕೆಮ್ಮಣ್ಣು ಬೆರೆಸಿ ನಾಲ್ಕು ನಾಲ್ಕು ಇಂಚಿನ ಪದರವಾಗಿ ದಮ್ಮಸು ಹಾಕಿದೆವು. ದಮ್ಮಸಿಗೆ ಮಣ್ಣಿನ ಹದ ಮುಖ್ಯ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಅಂಗೈಗೆ ನೀರಿನ ಪಸೆ ಅಂಟಬಾರದು. ಒಣಗಿದ್ದರೆ ಎಷ್ಟು ಕುಟ್ಟಿದರೂ ಧೂಳೇ, ಹೆಚ್ಚು ನೆನೆದಿದ್ದರೆ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಉಬ್ಬುತ್ತದೆ.

ತಳದ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ತುಂಡಿನ ಮೇಲೆ ತುಂಡು ಒಂದಡಿ ಹೊದಿಸಿ. ಇದನ್ನು ದುಡ್ಡು ದಂಡ ಅಂತ ಮೂಗು ಮುರಿದವರಿದ್ದಾರೆ. ಮಲೆನಾಡಿನ ಜಿಗುಟು ಮಣ್ಣು ಮಳೆಗಾಲದಲ್ಲಿ ಮೇಲೇರಿ ಜಲ್ಲಿಯ ಸಂದಿನಲ್ಲಿ ತುಂಬಿಕೊಳ್ಳುತ್ತದೆ, ಜಲ್ಲಿ ಮಣ್ಣಿಗಿಳಿಯುತ್ತದೆ. ಬಟ್ಟೆ ನೀರನ್ನು ಬಿಟ್ಟು ಮಣ್ಣನ್ನು ಮಾತ್ರ ತಡೆಯುತ್ತದೆ. ಇಡೀ ಕೆಲಸದಲ್ಲಿ ಖರ್ಚಿಗೆ ಹೋಲಿಸಿದರೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ ಅಂತ ನನ್ನ ಲೆಕ್ಕ.

ಮೇಸ್ತ್ರಿಗೂ ನನಗೂ ನಿಜವಾದ ಚರ್ಚೆ ನಡೆದದ್ದು ಜಲ್ಲಿಯ ಬಗ್ಗೆ. ಅವರಿಗೆ ವೆಟ್ ಮಿಕ್ಸ್ ಬೇಕು, ಜಲ್ಲಿಪುಡಿ ಸೇರಿದ್ದು, ಒತ್ತಿದರೆ ಕಲ್ಲಿನ ಹಾಗೆ ಕೂರುವಂಥದ್ದು. ಬಯಲುಸೀಮೆಯಲ್ಲಾದರೆ ನಾನೂ ಅದನ್ನೇ ಹಾಕಿಸುತ್ತಿದ್ದೆ. ಇಲ್ಲಿ ಬೇಕಾದ್ದು ನೀರು ಹರಿದುಹೋಗುವ ತಳ. ಅದಕ್ಕೆ ಪುಡಿಯಿಲ್ಲದ 40 ಎಂಎಂ ಜಲ್ಲಿ 6 ಇಂಚು, ಅದರ ಮೇಲೆ ಸಂದು ಮುಚ್ಚಲು 20 ಎಂಎಂ ಜಲ್ಲಿ 2 ಇಂಚು, ಅದರ ಮೇಲೆ ಹಾಸಿಗೆಗೆ 6 ಎಂಎಂ ಚಿಪ್ಸ್. ಮೇಲಿನದು ಕೆಳಗಿನದರ ಸಂದಿನೊಳಗೆ ಸುರಿದುಹೋಗದ ಹಾಗೆ ಗಾತ್ರ ಇಳಿಯುತ್ತ ಬರಬೇಕು. ನೇರ 40 ಎಂಎಂ ಮೇಲೆ ಮರಳು ಸುರಿದರೆ ಮೊದಲ ಮಳೆಗೇ ಮರಳು ಪಾತಾಳಕ್ಕೆ, ಕಲ್ಲು ಅದರ ಹಿಂದೆ. 6 ಇಂಚಿನ ಪದರವನ್ನು ಒಂದೇ ಸಲ ಸುರಿಯದೆ ಎರಡು ಭಾಗ ಮಾಡಿ, ಬಾಡಿಗೆಗೆ ತಂದ ಪ್ಲೇಟ್ ಕಂಪ್ಯಾಕ್ಟರಿನಿಂದ, ಅಂದರೆ ಅದುರಿಸಿ ಒತ್ತುವ ಯಂತ್ರದಿಂದ, ಕೂರಿಸಿದೆವು.

ಇಂಥ ತಳಕ್ಕೆ ಒಂದು ಅಪಾಯವಿದೆ, ಮನೆಯ ಕೆಲಸಗಳಲ್ಲಿ ಅದನ್ನು ಗಮನಿಸುವವರು ಕಡಿಮೆ. ಇಳಿಜಾರಿನಲ್ಲಿ ಕಲ್ಲುಗಳು ಕೆಳಕ್ಕೆ ಸರಿಯದಂತೆ ತುದಿಯಲ್ಲಿ ಕಾಂಕ್ರೀಟಿನ ಅಡ್ಡದಿಂಡು ಬೇಕೇ ಬೇಕು. ನಾವು ಒಂದಡಿ ಅಗಲ, ಒಂದೂವರೆ ಅಡಿ ಆಳದ್ದು ಹಾಕಿದೆವು. ಆದರೆ ಆ ದಿಂಡು ಕಲ್ಲನ್ನು ತಡೆದ ಹಾಗೇ ನೀರನ್ನೂ ತಡೆಯುತ್ತದೆ. ಜಲ್ಲಿಯ ಸಂದಿನಲ್ಲಿ ಇಳಿದು ಬಂದ ನೀರು ಅಲ್ಲಿ ಕಟ್ಟೆ ಕಟ್ಟಿಕೊಂಡರೆ ದಾರಿಯ ಕೆಳಭಾಗವೇ ಒಂದು ತೊಟ್ಟಿ. ಗಾಡಿ ಹಾದಾಗಲೆಲ್ಲ ಆ ನೀರು ಮೇಲಕ್ಕೆ ಚಿಮ್ಮಿ ಸಂದಿನ ಚಿಪ್ಸನ್ನು ಎತ್ತಿ ಹಾಕುತ್ತದೆ. ಹಾಗಾಗಿ ದಿಂಡಿನ ಬುಡದಲ್ಲಿ, ಬಟ್ಟೆಯ ಮಟ್ಟಕ್ಕೆ, 2 ಇಂಚಿನ ಪಿವಿಸಿ ತುಂಡುಗಳನ್ನು ಎರಡೆರಡು ಅಡಿಗೊಂದು ಇಟ್ಟು ಕಾಂಕ್ರೀಟ್ ಹಾಕಿದೆವು. ಒಳಬಾಯಿಗೆ ಬಲೆ ಸುತ್ತಿ ಒಂದು ಬುಟ್ಟಿ ದಪ್ಪ ಜಲ್ಲಿ ಒತ್ತಿದೆವು. ಹೊರಬಾಯಿ ಅದೇ ಕೆಳಗಿನ ಕಾಲುವೆಗೆ. ನೀರು ಸುರಿದು ನೋಡಿ, ಅಷ್ಟೂ ಬಾಯಿಗಳಿಂದ ನೀರು ಬಂದ ಮೇಲೆಯೇ ಜಲ್ಲಿ ಮುಂದುವರಿಸಿದ್ದು.

ಅಂಚಿಗೆ ಹೊಸ ಕರ್ಬ್ ತರಲಿಲ್ಲ. ಬೇಲಿಯಿಂದ ಕಿತ್ತಿಟ್ಟಿದ್ದ ಹಳೆಯ ಕಲ್ಲುಕಂಬಗಳಿದ್ದವು, 6 ಇಂಚು ಚೌಕ, 5 ಅಡಿ ಉದ್ದ. ಅವನ್ನು ಎರಡೂ ಬದಿಗೆ ಮಲಗಿಸಿ, ಕೆಳಗೆ 4 ಇಂಚು ಕಾಂಕ್ರೀಟ್, ಹೊರಬದಿಗೆ ಕಂಬದ ಮುಕ್ಕಾಲು ಎತ್ತರದವರೆಗೆ ಇಳಿಜಾರಾಗಿ ಕಾಂಕ್ರೀಟಿನ ಒತ್ತು. ಸಿಮೆಂಟು, ಮರಳು, ಜಲ್ಲಿಯ ಮಿಶ್ರಣ 1:2:4, ವಾರ ಪೂರ್ತಿ ಗೋಣಿಚೀಲ ಹೊದಿಸಿ ನೀರು. ಧರೆಯ ಕಡೆಯ ಸಾಲಿನಲ್ಲಿ ಕಂಬಕ್ಕೂ ಕಂಬಕ್ಕೂ ಬೆರಳು ತೂರುವಷ್ಟು ಜಾಗ ಬಿಟ್ಟೆವು, ಮೇಲಿನ ನೀರು ಕಾಲುವೆಗೆ ಹೋಗಬೇಕಲ್ಲ. ದಾರಿಯ ನಡುವೆಯೂ 20 ಅಡಿಗೊಂದರಂತೆ ಕಂಬಗಳನ್ನು ಅಡ್ಡ ಹೂತು ಕೂರಿಸಿದೆವು. 11 ಟನ್ ಕಲ್ಲಿನ ಒತ್ತಡವನ್ನೆಲ್ಲ ಕೆಳಗಿನ ದಿಂಡೊಂದೇ ಹೊರಬಾರದು.

ಕಲ್ಲು ಜೋಡಿಸುವ ಮೊದಲು ವಿಂಗಡಿಸುವುದು. ಇದು ಬೇಜಾರಿನ ಕೆಲಸ, ಬಿಡುವಂತಿಲ್ಲ. 4 ಇಂಚು ಅಂತ ಕೊಟ್ಟದ್ದರಲ್ಲಿ ಮೂರೂವರೆಯಿಂದ ನಾಲ್ಕೂಕಾಲಿನವರೆಗೆ ಎಲ್ಲ ಇರುತ್ತವೆ. ಹಲಗೆಗೆ ಮೊಳೆ ಹೊಡೆದು ಅಳತೆಗಂಡಿ ಮಾಡಿಕೊಂಡು ಮೂರು ರಾಶಿ ಹಾಕಿದೆವು: ಸಣ್ಣದು, ಸಮ, ದಪ್ಪ. ಒಂದು ಸಾಲಿಗೆ ಒಂದೇ ರಾಶಿಯ ಕಲ್ಲು. ಬೆರೆಸಿದರೆ ಮೂರನೇ ಸಾಲಿಗೇ ದಾರ ಒಂದು ಕಡೆ, ಕಲ್ಲು ಒಂದು ಕಡೆ. ತೀರ ಎತ್ತರದ, ಬಾಲ ಉದ್ದವಿರುವ ಕಲ್ಲುಗಳನ್ನು ಪಕ್ಕಕ್ಕೆ ತೆಗೆದಿಟ್ಟೆವು. ದಣಪೆಯ ಹತ್ತಿರ ಪಿಕಪ್ಪು ರಸ್ತೆಯಿಂದ ತಿರುಗುವಾಗ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುತ್ತಾರೆ, ಅಲ್ಲಿ ಟೈರು ಕಲ್ಲನ್ನು ತಿರುಚಿ ಕೀಳಲು ನೋಡುತ್ತದೆ. ಆಳಕ್ಕೆ ಕೂತ ಕಲ್ಲು ಮಾತ್ರ ತಡೆಯುತ್ತದೆ.

ಜೋಡಣೆ ಕೆಳಗಿನಿಂದ ಮೇಲಕ್ಕೆ. ಪ್ರತಿ ಸಾಲೂ ತನ್ನ ಕೆಳಗಿನ ಸಾಲಿಗೆ ಒರಗಿ ಕೂರುತ್ತದೆ. ಸಾಲುಗಳು ಗಾಡಿ ಹೋಗುವ ದಿಕ್ಕಿಗೆ ಅಡ್ಡ, ಕೆಳಗಿನ ಸಂದಿನ ನೇರಕ್ಕೆ ಮೇಲಿನ ಸಂದು ಬರಕೂಡದು. ನೇರ ಬಂದರೆ ಮಳೆನೀರಿಗೆ ಅಷ್ಟುದ್ದದ ಕಾಲುವೆ ನಾವೇ ಮಾಡಿಕೊಟ್ಟ ಹಾಗೆ.

ಕೆಲಸಗಾರರಲ್ಲಿ ಹಿರಿಯರೊಬ್ಬರು ಕಲ್ಲು ಕೂರಿಸುವುದನ್ನು ನೋಡಬೇಕು. ಎಡಗೈಯಲ್ಲಿ ಕಲ್ಲು ಎತ್ತಿಕೊಳ್ಳುವಾಗಲೇ ಬೆರಳುಗಳಲ್ಲಿ ಎರಡು ಸುತ್ತು ತಿರುಗಿರುತ್ತದೆ. ಸೀಳಿದ ಕಲ್ಲಿಗೆ ಆರು ಮುಖವಿದ್ದರೂ ಮೇಲಿಡಲು ಯೋಗ್ಯವಾದದ್ದು ಒಂದೋ ಎರಡೋ. ಅಗಲವಾಗಿ, ಚಪ್ಪಟೆಯಾಗಿ ಇರುವುದು ಮೇಲಕ್ಕೆ, ಕಿರಿದಾದದ್ದು ಚಿಪ್ಸಿನೊಳಕ್ಕೆ. ಅಗಲ ಕೆಳಗಾದರೆ ಮೇಲಿನ ಸಂದು ಬಾಯಿ ಬಿಡುತ್ತದೆ. ಬಲಗೈಯ ಸುತ್ತಿಗೆಯ ಚೂಪು ತುದಿಯಿಂದ ಚಿಪ್ಸಿನಲ್ಲಿ ಸಣ್ಣ ಗುಂಡಿ ತೋಡಿ, ಕಲ್ಲನ್ನು ಇಟ್ಟು, ಪಕ್ಕದಿಂದ ಎರಡು, ಮೇಲಿಂದ ಮೂರು ಏಟು. ಆಮೇಲೆ ಕಿವಿ ಕೊಡುತ್ತಾರೆ. ಬುಡ ತುಂಬಿದ ಕಲ್ಲು ಠಣ್ ಅನ್ನುತ್ತದೆ, ಅಡಿಯಲ್ಲಿ ಪೊಳ್ಳಿದ್ದರೆ ಡಬ್ ಅನ್ನುತ್ತದೆ. ಡಬ್ ಅಂದ ಕಲ್ಲನ್ನು ಮಾತಿಲ್ಲದೆ ಕಿತ್ತು, ಒಂದು ಹಿಡಿ ಚಿಪ್ಸ್ ಹಾಕಿ, ಮತ್ತೆ ಕೂರಿಸುವುದು. ಹೊಸ ಹುಡುಗರು ಅದೇ ಕಲ್ಲನ್ನು ಇನ್ನೂ ಜೋರಾಗಿ ಬಡಿಯುತ್ತಿದ್ದರು. ಬಡಿದರೆ ಕಲ್ಲು ಇಳಿಯುತ್ತದೆ, ಪೊಳ್ಳು ಹೋಗುವುದಿಲ್ಲ.

ಕೂರಿಸುವಾಗ ಕಲ್ಲು ದಾರಕ್ಕಿಂತ ಕಾಲು ಇಂಚು ಮೇಲೇ ಇರಬೇಕು, ದಮ್ಮಸಿಗೆ ಅಷ್ಟು ಇಳಿಯುತ್ತದೆ. ಸಂದು ಅರ್ಧ ಇಂಚಿನ ಸುಮಾರು. ಅಂಚಿನ ಕಂಬದ ಹತ್ತಿರ ಉಳಿಯುವ ಅರೆಬರೆ ಜಾಗಕ್ಕೆ ಚಾಣದಲ್ಲಿ ಒಡೆದ ತುಂಡು ತುರುಕುವ ಅಭ್ಯಾಸ ಇದೆ. ಎರಡು ಬೆರಳಗಲದ ಚೂರು ಅಲ್ಲಿ ನಿಲ್ಲುವುದಿಲ್ಲ. ಅದರ ಬದಲು ಆ ಸಾಲಿನ ಸಂದುಗಳನ್ನು ಕೂದಲೆಳೆಯಷ್ಟು ಹಿಗ್ಗಿಸಿ ಅಥವಾ ದಪ್ಪ ರಾಶಿಯ ಒಂದೆರಡು ಕಲ್ಲು ಸೇರಿಸಿ ಸರಿಹೊಂದಿಸಬೇಕು. ತುಂಡು ಹಾಕಲೇಬೇಕಾದರೆ ಅರ್ಧ ಕಲ್ಲಿಗಿಂತ ಸಣ್ಣದು ಬೇಡ.

ಸಂದಿಗೆ ಸಿಮೆಂಟು ಹಾಕದಿದ್ದರೆ ಕಲ್ಲು ಎದ್ದು ಬರುತ್ತವೆ ಅಂತ ನೋಡಿದವರೆಲ್ಲ ಹೇಳಿದರು. ಆದರೆ ಅಡಿಯ ಹಾಸಿಗೆ ಅಲುಗುವಂಥದ್ದು, ಮೇಲಿನ ಸಂದು ಅಲುಗದಂಥದ್ದು ಆದರೆ ಬಿರುಕು ಖಂಡಿತ, ಬಿರುಕಿನಲ್ಲಿ ಇಳಿದ ನೀರಿಗೆ ಮೇಲೆ ಬರಲೂ ದಾರಿಯಿಲ್ಲ. ಸಿಮೆಂಟು ಸಂದು ಬೇಕಾದರೆ ಅಡಿಯಿಂದ ಮೇಲಿನವರೆಗೆ ಎಲ್ಲವೂ ಕಾಂಕ್ರೀಟಿನದ್ದಾಗಬೇಕು. ನಮ್ಮ ದೇಶದ ರಸ್ತೆ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ, ಐಆರ್‌ಸಿ ಎಸ್‌ಪಿ 63, ಇಂಟರ್‌ಲಾಕ್ ಬ್ಲಾಕಿಗೂ ಮರಳಿನ ಹಾಸಿಗೆ, ಮರಳಿನ ಸಂದನ್ನೇ ಹೇಳುತ್ತದೆ. ರೋಮ್ ನಗರದ ಹಳೆಯ ಬೀದಿಗಳ ಕಪ್ಪು ಕಲ್ಲುಗಳು ನಿಂತಿರುವುದೂ ಸಡಿಲ ಹಾಸಿಗೆಯ ಮೇಲೆಯೇ. ಒಂದನ್ನೊಂದು ಒತ್ತಿ ಹಿಡಿಯುವುದರಿಂದ ಗಟ್ಟಿತನ ಬರುತ್ತದೆ, ಅಂಟಿನಿಂದಲ್ಲ.

ನಮ್ಮ ಇಳಿಜಾರಿಗೆ ಮರಳು ನಿಲ್ಲುವುದಿಲ್ಲ, ಹಾಗಾಗಿ ಸಂದಿಗೂ ಅದೇ 6 ಎಂಎಂ ಚಿಪ್ಸ್. ಮೂಲೆ ಮೂಲೆಯಾಗಿ ಒಡೆದ ಚೂರುಗಳಾದ್ದರಿಂದ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಒಣಗಿದ್ದಾಗ ಗುಡಿಸಿ ತುಂಬಿ, ಪ್ಲೇಟಿನ ಅಡಿಗೆ ರಬ್ಬರ್ ಹಾಳೆ ಕಟ್ಟಿ ಓಡಿಸಿ, ಮತ್ತೆ ಗುಡಿಸಿ, ಮತ್ತೆ ಓಡಿಸಿ. ಕೆಳಗಿನಿಂದ ಮೇಲಕ್ಕೇ ಓಡಿಸಬೇಕು. ಅಂಚಿನ ಎರಡು ಸಾಲಿಗೆ ಯಂತ್ರ ಬೇಡ, ಕೈ ದಮ್ಮಸು. ಯಂತ್ರದ ಮೂಲೆ ತಾಗಿ ಕಲ್ಲು ವಾಲುತ್ತದೆ.

ಮೊದಲ ಮಳೆಗಾಲದ ವರದಿ ಹೀಗೆ. ಮೃಗಶಿರದಲ್ಲಿ ಸಂದಿನ ಚಿಪ್ಸ್ ಅಲ್ಲಲ್ಲಿ ಅರ್ಧ ಇಂಚು ಇಳಿಯಿತು, ಅದು ಸಹಜ, ಎರಡು ಬುಟ್ಟಿ ಗುಡಿಸಿ ತುಂಬಿದ್ದಾಯಿತು. ಪುನರ್ವಸುವಿನ ಒಂದು ರಾತ್ರಿ ಹಲಸಿನ ಎಲೆ ಬಿದ್ದು ಮೇಲಿನ ಚರಂಡಿಯ ಜಾಲರಿ ಮುಚ್ಚಿ, ರಸ್ತೆಯ ನೀರೆಲ್ಲ ದಾರಿಯ ಮೇಲೆ ಹರಿಯಿತು. ಬೆಳಿಗ್ಗೆ ನೋಡಿದರೆ ಮೇಲಿನ ನಾಲ್ಕೈದು ಸಾಲಿನ ಸಂದು ಬರಿದಾಗಿ, ಕಲ್ಲುಗಳ ಅರ್ಧ ಮೈ ಕಾಣುತ್ತಿತ್ತು. ಕಾಲಿನಿಂದ ಒದ್ದು ನೋಡಿದೆ, ಒಂದೂ ಅಲುಗಲಿಲ್ಲ. ಜಾಲರಿಯ ಸರಳುಗಳು ನೀರು ಹರಿಯುವ ದಿಕ್ಕಿಗೆ ಅಡ್ಡ ಇದ್ದವು, ಅದಕ್ಕೇ ಎಲೆ ಹಿಡಿದದ್ದು. ವೆಲ್ಡಿಂಗ್ ಶಾಪಿನಲ್ಲಿ ಉದ್ದಕ್ಕೆ ಸರಳಿನ ಹೊಸದು ಮಾಡಿಸಿದೆ. ದಿಂಡಿನ ಪಿವಿಸಿ ಬಾಯಿಗಳು ಆಶ್ಲೇಷದ ಕೊನೆಯವರೆಗೂ, ಮಳೆ ಬಿಟ್ಟ ದಿನವೂ, ಹರಿಯುತ್ತಲೇ ಇದ್ದವು.

ಹಾವಸೆ ಕಲ್ಲಿನ ಮೇಲೂ ಬಂತು, ನೆರಳಿರುವ ಧರೆ ಬದಿಯ ಮೊಳದಗಲಕ್ಕೆ. ಆದರೆ ಸಂದಿನ ಹಿಡಿತದಿಂದ ಬೈಕು ಜಾರಲಿಲ್ಲ. ಬ್ಲೀಚಿಂಗ್ ಪುಡಿ ಹಾಕಿ ತೆಂಗಿನ ಕಡ್ಡಿಪೊರಕೆಯಲ್ಲಿ ಉಜ್ಜಿದರೆ ಹೋಗುತ್ತದೆ, ಆ ನೀರು ತೋಟಕ್ಕೆ ಹರಿಯದಂತೆ ನೋಡಿಕೊಳ್ಳಬೇಕು. ಗರಿಕೆ ಬಿಸಿಲಿನ ಕಡೆ ತಲೆ ಎತ್ತಿದೆ, ಸದ್ಯಕ್ಕೆ ಬಿಟ್ಟಿದ್ದೇನೆ.

ದೀಪಾವಳಿಯ ಹೊತ್ತಿಗೆ ದಾರಿಯ ಅಡಿಯ ನೀರಿನ ಪೈಪು ಸೋರಿತು. ಸಿಮೆಂಟಿಲ್ಲದ್ದರ ಲಾಭ ಕೈಗೆ ಸಿಕ್ಕಿದ್ದು ಆಗ. ಮೊದಲ ಕಲ್ಲು ಮಾತ್ರ ಹಟಮಾರಿ. ಸುತ್ತಲಿನ ಚಿಪ್ಸನ್ನು ಕಡ್ಡಿಯಲ್ಲಿ ಕೆದಕಿ ತೆಗೆದು, ಎರಡು ಚಪ್ಪಟೆ ಸಲಾಕೆಗಳನ್ನು ಎದುರುಬದುರು ತೂರಿಸಿ, ಇಬ್ಬರು ಒಟ್ಟಿಗೆ ಮೀಟಬೇಕು. ಅದು ಬಂದ ಮೇಲೆ ಉಳಿದವು ಕೈಯಲ್ಲೇ ಬರುತ್ತವೆ. ತೆಗೆದ ಸಾಲಿನ ಕ್ರಮದಲ್ಲೇ ಪಕ್ಕಕ್ಕೆ ಜೋಡಿಸಿಟ್ಟು, ಪೈಪು ಸರಿಮಾಡಿ, ಅದೇ ಜಾಗಕ್ಕೆ ಮರಳಿ ಕೂರಿಸಿದೆವು. ಈಗ ಎಲ್ಲಿ ಕಿತ್ತದ್ದೆಂದು ನನಗೂ ಗುರುತು ಸಿಗುವುದಿಲ್ಲ. ಹಾಗೇ ಇನ್ನೊಂದು ಮಾತು: ಜಲ್ಲಿ ಸುರಿಯುವ ಮೊದಲೇ ದಾರಿಗೆ ಅಡ್ಡಲಾಗಿ ಎರಡು ಖಾಲಿ ಪೈಪು ಹೂತಿಡಿ, ಇವತ್ತಲ್ಲ ನಾಳೆ ಕೇಬಲ್ ಎಳೆಯುವವರು ಬಂದೇ ಬರುತ್ತಾರೆ.

ಈ ದಾರಿಯ ಬಗ್ಗೆ ದೂರು ಇರುವುದು ಅಮ್ಮನದ್ದು, ಅದು ನ್ಯಾಯವಾದದ್ದೇ. ಸೀಳಿದ ಕಲ್ಲಿನ ಮೇಲೆ ಮಂಡಿನೋವಿನವರು ನಡೆಯುವುದು ಕಷ್ಟ, ಕೋಲಿನ ತುದಿ ಸಂದಿಗೆ ಇಳಿಯುತ್ತದೆ. ವಯಸ್ಸಾದವರಿರುವ ಮನೆಯಾದರೆ ಮೊದಲೇ ಒಂದು ಬದಿಗೆ ಎರಡಡಿ ಅಗಲ ಚಪ್ಪಡಿ ಹಾಸಲು ಜಾಗ ಇಟ್ಟುಕೊಳ್ಳಿ. ನಮ್ಮಲ್ಲಿ ತೋಟದ ಕಡೆಯ ಅಂಚಿನ ಆರು ಸಾಲು ಕಿತ್ತು, ಉಳಿಯಿಂದ ಚುಚ್ಚಿ ಒರಟು ಮಾಡಿದ ಚಪ್ಪಡಿ ಕೂರಿಸುವ ಕೆಲಸ ಈ ಬೇಸಿಗೆಗೆ ಇದೆ. ಚಪ್ಪಡಿ ಬಂದು ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿವೆ, ಕಿತ್ತ ಕಲ್ಲುಗಳನ್ನು ಬಾವಿಕಟ್ಟೆಯ ಸುತ್ತ ಹಾಸುವುದು ಅಂತ ಅಮ್ಮ ಆಗಲೇ ತೀರ್ಮಾನಿಸಿದ್ದಾರೆ.